ಜಲಾಶಯ ಮಟ್ಟದ ಕೋಷ್ಟಕ ವೆಬ್ ಪುಟದಿಂದ ಎಕ್ಸೆಲ್‌ಗೆ: ಜಮಖಂಡಿ ಭಾಗದ ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆ, ಜಮಖಂಡಿ ತಾಲೂಕು, ಕೃಷ್ಣಾ ದಂಡೆಯ ಒಂದು ಏತ ನೀರಾವರಿ ಸಹಕಾರ ಸಂಘ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿನ ಗುಮಾಸ್ತರ ದಿನದ ಮೊದಲ ಕೆಲಸ ಒಂದೇ. ಜಲಾಶಯಗಳ ಮಟ್ಟ ತೋರಿಸುವ ವೆಬ್ ಪುಟ ತೆರೆಯುವುದು, ಆಲಮಟ್ಟಿ, ನಾರಾಯಣಪುರ, ಹಿಡಕಲ್, ನವಿಲುತೀರ್ಥದ ಸಾಲುಗಳನ್ನು ನೋಡಿಕೊಂಡು ಎಕ್ಸೆಲ್‌ನಲ್ಲಿ ಕುಟ್ಟುವುದು. ಆಲಮಟ್ಟಿ ಹಿನ್ನೀರು ಏರಿದರೆ ದಂಡೆಯ ಪಂಪ್‌ಸೆಟ್ ಮೇಲಕ್ಕೆ ತರಬೇಕು. ಹಿಡಕಲ್ ತುಂಬುವ ಲಕ್ಷಣ ಕಂಡರೆ ಘಟಪ್ರಭಾ ಕಾಲುವೆಯ ಕೆಳಗೆ ಹೊಲವಿರುವ ಸದಸ್ಯರು ಕಬ್ಬಿನ ಲೆಕ್ಕ ಹಾಕುತ್ತಾರೆ. ಉಳಿದೆರಡು ಜಲಾಶಯ ಕೇಳಿದವರಿಗೆ ಹೇಳಲು.

ನಾಲ್ಕು ಜಲಾಶಯ, ಒಂದೊಂದಕ್ಕೆ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ದಿನಕ್ಕೆ 16 ಅಂಕಿ, 153 ದಿನಕ್ಕೆ 2,448. ಕೈಯಿಂದ ಕುಟ್ಟಿದರೆ ತಪ್ಪು ಬರುವುದು ಖಂಡಿತ. ಹಾಗಾಗಿ ಹತ್ತು ಹನ್ನೆರಡು ಸಾಲಿನ ಪೈಥಾನ್ ಸ್ಕ್ರಿಪ್ಟ್ ಒಂದನ್ನು, ಅಂದರೆ ಪುಟದ ಅಂಕಿಗಳನ್ನು ತಾನೇ ತೆಗೆದು ಹಾಳೆಗೆ ಬರೆಯುವ ಸಣ್ಣ ಪ್ರೋಗ್ರಾಂ ಒಂದನ್ನು, ಬರೆಸಲಾಯಿತು. ಅದು ಎರಡು ತಿಂಗಳು ಒಂದು ದಿನವೂ ನಿಲ್ಲದೆ ಓಡಿತು. ತೊಂದರೆ ಇದ್ದದ್ದು ಅಲ್ಲೇ: ನಿಲ್ಲಬೇಕಾದ ದಿನವೂ ನಿಲ್ಲದೆ, ತಪ್ಪು ಅಂಕಿಯನ್ನು ಸರಿಯಾದ ಅಂಕಿಯಷ್ಟೇ ನೀಟಾಗಿ ಬರೆದಿಡುತ್ತಿತ್ತು.

ಸ್ಕ್ರಿಪ್ಟ್ ಬೇಕೇ ಎಂಬ ಪ್ರಶ್ನೆ

ಇವತ್ತಿನ ಅಂಕಿ ಇವತ್ತು ನೋಡಿದರೆ ಸಾಕು ಎನ್ನುವವರಿಗೆ ಸ್ಕ್ರಿಪ್ಟ್ ಬೇಡ. ಎಕ್ಸೆಲ್‌ನ ಡೇಟಾ ಮೆನುವಿನಲ್ಲಿ 'ಫ್ರಮ್ ವೆಬ್' ಇದೆ. ಗೂಗಲ್ ಶೀಟ್ಸ್‌ನಲ್ಲಿ ಇಂಪೋರ್ಟ್‌ಎಚ್‌ಟಿಎಂಎಲ್ ಎಂಬ ಸೂತ್ರವಿದೆ. ಪುಟದ ವಿಳಾಸ, 'ಟೇಬಲ್' ಎಂಬ ಪದ, ಎಷ್ಟನೇ ಟೇಬಲ್ ಎಂಬ ಸಂಖ್ಯೆ ಕೊಟ್ಟರೆ ಆಯಿತು. ಆದರೆ ಎರಡೂ ಹಳೆಯ ಅಂಕಿಯ ಮೇಲೆ ಹೊಸದನ್ನು ಕೂರಿಸುತ್ತವೆ. ನಿನ್ನೆಯದು ಉಳಿಯುವುದಿಲ್ಲ. ಸಂಘಕ್ಕೆ ಬೇಕಿದ್ದದ್ದು ದಿನದಿಂದ ದಿನಕ್ಕೆ ಬೆಳೆಯುವ ಹಾಳೆ, ಆದ್ದರಿಂದ ಇಲ್ಲಿ ಸ್ಕ್ರಿಪ್ಟ್ ಸರಿಯಾದ ದಾರಿಯೇ.

ಬರೆಯುವ ಮೊದಲು ನೋಡಬೇಕಾದ್ದು ಇನ್ನೊಂದಿದೆ. ಬ್ರೌಸರ್‌ನಲ್ಲಿ ಕಂಟ್ರೋಲ್ ಮತ್ತು ಯು ಒತ್ತಿ ಪುಟದ ಮೂಲ ತೆರೆದು 'ಆಲಮಟ್ಟಿ' ಎಂದು ಹುಡುಕಬೇಕು. ಅಲ್ಲಿ ಹೆಸರು ಸಿಕ್ಕರೆ ಅಂಕಿಗಳು ಪುಟದ ಜೊತೆಗೇ ಬರುತ್ತಿವೆ, ಸಾದಾ ಡೌನ್‌ಲೋಡ್ ಸಾಕು. ಕಣ್ಣಿಗೆ ಟೇಬಲ್ ಕಾಣುತ್ತಿದ್ದರೂ ಮೂಲದಲ್ಲಿ ಹೆಸರಿಲ್ಲ ಎಂದರೆ, ಜಾವಾಸ್ಕ್ರಿಪ್ಟ್ ಅದನ್ನು ಆಮೇಲೆ ತಂದು ತುಂಬುತ್ತಿದೆ ಎಂದರ್ಥ. ಆಗ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಪುಟವನ್ನು ಮತ್ತೆ ಲೋಡ್ ಮಾಡಿ, ಅಂಕಿಗಳು ಯಾವ ವಿಳಾಸದಿಂದ ಬರುತ್ತಿವೆ ಎಂದು ಪತ್ತೆ ಹಚ್ಚಬೇಕು. ಬಹಳ ಸಲ ಅಲ್ಲಿ ಜೇಸನ್ ಎಂಬ, ಹೆಸರು-ಬೆಲೆ ಜೋಡಿಗಳ ಸಾದಾ ಪಠ್ಯ ರೂಪದಲ್ಲಿ ಟೇಬಲ್‌ಗಿಂತ ಸ್ವಚ್ಛವಾದ ಮಾಹಿತಿಯೇ ಸಿಗುತ್ತದೆ. ಇದನ್ನು ನೋಡದೆ ನೇರ ಸೆಲೆನಿಯಂ ಎಂಬ ಸಾಧನ ಹಾಕಿ ಬ್ರೌಸರ್ ಓಡಿಸಲು ಹೋಗುವವರು ಇಲ್ಲದ ಕೆಲಸ ಹಚ್ಚಿಕೊಳ್ಳುತ್ತಾರೆ.

ಈ ಪುಟದಲ್ಲಿ ಅಂಕಿಗಳು ಮೂಲದಲ್ಲೇ ಇದ್ದವು. ಅಲ್ಲಿಗೆ ಸುಲಭದ ಭಾಗ ಮುಗಿಯಿತು.

ಪುಟದೊಳಗೆ ಏನಿತ್ತು

ಪುಟದಲ್ಲಿ ಒಟ್ಟು ಏಳು ಟೇಬಲ್. ಮೇಲಿನ ಪಟ್ಟಿ, ಎಡಗಡೆಯ ಮೆನು, ಪ್ರಕಟಣೆಯ ಚೌಕ, ಎಲ್ಲವನ್ನೂ ಟೇಬಲ್‌ನಿಂದಲೇ ಜೋಡಿಸಿದ ಹಳೆಯ ಶೈಲಿಯ ಪುಟ. ಬೇಕಾದ ಟೇಬಲ್ ಇನ್ನೊಂದರ ಹೊಟ್ಟೆಯೊಳಗಿತ್ತು. ತಲೆಬರಹ ಎರಡು ಸಾಲು: ಮೇಲೆ 'ಇಂದು' ಮತ್ತು 'ಕಳೆದ ವರ್ಷ ಇದೇ ದಿನ', ಕೆಳಗೆ ಎರಡೂ ಕಡೆ 'ಮಟ್ಟ' ಮತ್ತು 'ಸಂಗ್ರಹ'. ಎಡತುದಿಯಲ್ಲಿ ಕಣಿವೆಯ ಹೆಸರು. 'ಕೃಷ್ಣಾ' ಎಂಬ ಒಂದೇ ಕೋಶ ನಾಲ್ಕೈದು ಸಾಲಿಗೆ ಹಬ್ಬಿತ್ತು.

ಈ ಹಬ್ಬಿದ ಕೋಶ ಮೊದಲ ಗುಂಡಿ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಇದು ರೋಸ್ಪ್ಯಾನ್. ಕೋಶ ಬರೆದಿರುವುದು ಮೊದಲ ಸಾಲಿನಲ್ಲಿ ಮಾತ್ರ. ಕೆಳಗಿನ ಸಾಲುಗಳಲ್ಲಿ ಆ ಜಾಗವೇ ಇರುವುದಿಲ್ಲ. ಸಾಲು ಸಾಲಾಗಿ ಕೋಶ ಎಣಿಸುವ ಸ್ಕ್ರಿಪ್ಟಿಗೆ ಆಲಮಟ್ಟಿಯ ಸಾಲಿನಲ್ಲಿ ಎಂಟು ಕೋಶ, ನಾರಾಯಣಪುರದ ಸಾಲಿನಲ್ಲಿ ಏಳು. ಹೀಗಾಗಿ ಆಲಮಟ್ಟಿ ಸರಿಯಾಗಿ ಬರುತ್ತದೆ, ಅದರ ಕೆಳಗಿನವೆಲ್ಲ ಒಂದು ಮನೆ ಎಡಕ್ಕೆ ಸರಿಯುತ್ತವೆ. ಮೊದಲ ಸಾಲು ಮಾತ್ರ ನೋಡಿ 'ಸರಿ ಐತಿ' ಎಂದು ಬಿಟ್ಟರೆ ತಪ್ಪು ಕಾಣುವುದೇ ಇಲ್ಲ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಟೇಬಲ್ ಓದುವ ರೀಡ್ ಎಚ್‌ಟಿಎಂಎಲ್ ಈಗ ಇಂಥ ಹಬ್ಬಿದ ಕೋಶಗಳನ್ನು ತಾನೇ ಕೆಳಗಿನ ಸಾಲುಗಳಿಗೂ ತುಂಬುತ್ತದೆ. ಕೈಯಿಂದ ಲೂಪ್ ಬರೆಯುವವರು 'ಈ ಕಾಲಂನ ಈ ಬೆಲೆ ಇನ್ನೂ ಇಷ್ಟು ಸಾಲಿಗೆ ಬಾಕಿ' ಎಂದು ಲೆಕ್ಕ ಇಟ್ಟುಕೊಂಡು, ಪ್ರತಿ ಸಾಲಿನಲ್ಲೂ ಬಾಕಿ ಇರುವ ಮನೆಗಳನ್ನು ಮೊದಲು ತುಂಬಿ ಆಮೇಲೆ ಹೊಸ ಕೋಶ ಇಡಬೇಕು.

ಮೊದಲ ಸ್ಕ್ರಿಪ್ಟ್ ಎಡವಿದ್ದು ಎಲ್ಲೆಲ್ಲಿ

ಮೊದಲ ಸ್ಕ್ರಿಪ್ಟ್ ಪಾಂಡಾಸ್ ಬಳಸಿತ್ತು, ಹಾಗಾಗಿ ರೋಸ್ಪ್ಯಾನ್‌ನಲ್ಲಿ ಪಾರಾಯಿತು. ಎಡವಿದ್ದು ಬೇರೆ ಕಡೆ.

ಅದು ಟೇಬಲ್ ಆರಿಸುತ್ತಿದ್ದದ್ದು ಸಂಖ್ಯೆಯಿಂದ: ಐದನೆಯದು. ಒಂದು ದಿನ ಪುಟದಲ್ಲಿ ಹೊಸ ಪ್ರಕಟಣೆಯ ಚೌಕ ಬಂತು, ಬೇಕಾದದ್ದು ಆರನೆಯದಾಯಿತು. ಅವತ್ತು ಹಾಳೆಗೆ ಹೋದದ್ದು ಪ್ರಕಟಣೆಯ ಅಕ್ಷರ. ಇದು ಎದ್ದು ಕಂಡಿತು, ಸರಿಪಡಿಸಿದರು.

ಎರಡನೆಯದು ಅಷ್ಟು ಬೇಗ ಕಾಣಲಿಲ್ಲ. ಪುಟಕ್ಕೆ ಅಂಕಿ ಹಾಕುವವರೂ ಮನುಷ್ಯರೇ, 518.36 ಎನ್ನುವಲ್ಲಿ ಚುಕ್ಕೆಯ ಬದಲು ಅಲ್ಪವಿರಾಮ ಬಿದ್ದು 518,36 ಆಗಿತ್ತು. ರೀಡ್ ಎಚ್‌ಟಿಎಂಎಲ್ ಬೇರೆ ಏನೂ ಹೇಳದಿದ್ದರೆ ಅಲ್ಪವಿರಾಮವನ್ನು ಸಾವಿರದ ಗುರುತೆಂದೇ ಭಾವಿಸಿ ಕಿತ್ತು ಹಾಕುತ್ತದೆ. 1,75,000 ಎಂಬ ನಮ್ಮ ಲಕ್ಷದ ಬರವಣಿಗೆಗೆ ಇದು ಅನುಕೂಲವೇ, ಎಲ್ಲ ಅಲ್ಪವಿರಾಮ ಹೋಗಿ 175000 ಉಳಿಯುತ್ತದೆ. ಆದರೆ 518,36 ಎಂಬುದು 51836 ಮೀಟರ್ ಆಗುತ್ತದೆ. ಇದಾದರೂ ಗ್ರಾಫ್ ಹಾಕಿದ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಇದರ ತದ್ವಿರುದ್ಧ ಕೆಟ್ಟದ್ದು: ಒಳಹರಿವು 92,000 ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಎನ್ನುವಲ್ಲಿ 92.000 ಎಂದು ಬಿದ್ದರೆ ಹಾಳೆಗೆ ಹೋಗುವುದು 92. ಅಕ್ಟೋಬರ್ ಕೊನೆಯಲ್ಲಿ 92 ಕ್ಯೂಸೆಕ್ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಮೂರನೆಯದನ್ನು ಹಿಡಿದದ್ದು ಗುಮಾಸ್ತರೇ. "ಸರ್, ಇದು ದಿನಾ ನಿನ್ನೀದ ತೋರಸಾಕತ್ತೈತ್ರಿ" ಎಂದರು. ಸ್ಕ್ರಿಪ್ಟ್ ಬೆಳಿಗ್ಗೆ 8ಕ್ಕೆ ಓಡುತ್ತಿತ್ತು. ಪುಟದಲ್ಲಿ ಹೊಸ ಅಂಕಿ ಬೀಳುತ್ತಿದ್ದದ್ದು ಅದಾದ ಮೇಲೆ. ಸ್ಕ್ರಿಪ್ಟ್ ದಿನಾಂಕ ತೆಗೆದುಕೊಳ್ಳುತ್ತಿದ್ದದ್ದು ಕಂಪ್ಯೂಟರ್ ಗಡಿಯಾರದಿಂದ. ಅಂದರೆ ಎರಡು ತಿಂಗಳ ಹಾಳೆ ಪೂರ್ತಿ ಒಂದು ದಿನ ಹಿಂದೆ, ನಡುನಡುವೆ ಪುಟ ಬೇಗ ಬದಲಾದ ದಿನ ಮಾತ್ರ ಸರಿ. ಎಲ್ಲವೂ ಒಂದೇ ಸಮ ಹಿಂದಿದ್ದರೆ ಕಾಲಂ ಒಂದು ಮನೆ ಸರಿಸಿದರೆ ಮುಗಿಯುತ್ತಿತ್ತು. ಬೆರಕೆ ಆದಾಗ ಯಾವ ಸಾಲು ಯಾವ ದಿನದ್ದು ಎಂದು ಹಾಳೆ ನೋಡಿ ಹೇಳಲು ಬರುವುದಿಲ್ಲ.

ಎರಡನೇ ಸ್ಕ್ರಿಪ್ಟ್

ಹೊಸ ಸ್ಕ್ರಿಪ್ಟನ್ನು ಮೂರು ತುಂಡಾಗಿ ಒಡೆಯಲಾಯಿತು: ತರುವುದು, ಬಿಡಿಸುವುದು, ಪರೀಕ್ಷಿಸಿ ಬರೆಯುವುದು. ಮೊದಲಿನದರಲ್ಲಿ ಎಲ್ಲ ಒಂದೇ ಉಸಿರಿನಲ್ಲಿತ್ತು.

ತರುವ ತುಂಡು ರಿಕ್ವೆಸ್ಟ್ಸ್ ಲೈಬ್ರರಿಯಿಂದ ಪುಟ ಇಳಿಸುತ್ತದೆ. ಇದಕ್ಕೆ ಟೈಮೌಟ್, ಅಂದರೆ ಕಾಯುವ ಗಡುವು, ಕೊಡಲೇಬೇಕು; ಕೊಡದಿದ್ದರೆ ಸರ್ವರ್ ಉತ್ತರಿಸದ ದಿನ ಸ್ಕ್ರಿಪ್ಟ್ ಸಂಜೆಯವರೆಗೂ ಬಾಯಿ ತೆರೆದುಕೊಂಡು ಕೂರುತ್ತದೆ. ಇಲ್ಲಿ 30 ಸೆಕೆಂಡ್ ಇಡಲಾಗಿದೆ, ಸೋತರೆ ಐದು ನಿಮಿಷ ಬಿಟ್ಟು ಮತ್ತೆ, ಒಟ್ಟು ಮೂರು ಸಲ. ಅದಕ್ಕಿಂತ ಹೆಚ್ಚು ಸಲ ಬಾಗಿಲು ಬಡಿಯುವುದು ಸಲ್ಲದು. ದಿನಕ್ಕೊಮ್ಮೆ ಬದಲಾಗುವ ಪುಟವನ್ನು ನಿಮಿಷಕ್ಕೊಮ್ಮೆ ಕೇಳುವುದರಿಂದ ಯಾರಿಗೂ ಲಾಭವಿಲ್ಲ. ಬಂದದ್ದನ್ನು ಅಕ್ಷರವಾಗಿ ಅಲ್ಲ, ಬೈಟುಗಳಾಗಿಯೇ ಡಿಸ್ಕಿಗೆ ಉಳಿಸಬೇಕು. ಕಾರಣ ಎರಡು. ಸರ್ವರ್ ತನ್ನ ಅಕ್ಷರ ಸಂಕೇತ ಯಾವುದೆಂದು ಹೇಳದಿದ್ದರೆ ರಿಕ್ವೆಸ್ಟ್ಸ್ ಅದನ್ನು ಪಶ್ಚಿಮದ ಐಎಸ್‌ಒ-8859-1 ಎಂದು ಊಹಿಸಿ ಕನ್ನಡವನ್ನು ಕಲಸಿಬಿಡುತ್ತದೆ. ಬೈಟುಗಳನ್ನೇ ಪುಟ ಬಿಡಿಸುವ ಬ್ಯೂಟಿಫುಲ್ ಸೂಪ್ ಲೈಬ್ರರಿಗೆ ಕೊಟ್ಟರೆ ಅದು ಪುಟದೊಳಗಿನ ಸೂಚನೆ ಓದಿ ಸರಿಯಾದ ಸಂಕೇತ ಹಿಡಿಯುತ್ತದೆ. ಎರಡನೆಯದು ಇನ್ನೂ ಮುಖ್ಯ. ನಾಳೆ ಬಿಡಿಸುವ ತುಂಡಿನಲ್ಲಿ ತಪ್ಪು ಸಿಕ್ಕರೆ, ಉಳಿಸಿಟ್ಟ ಪುಟಗಳ ಮೇಲೆ ಮತ್ತೆ ಓಡಿಸಬಹುದು. ಉಳಿಸದಿದ್ದರೆ ಹಳೆಯ ದಿನದ ಪುಟ ಎಲ್ಲಿಂದ ತರುವುದು? ಒಂದು ಪುಟ 100 ಕೆಬಿ ಎಂದುಕೊಂಡರೂ 153 ದಿನಕ್ಕೆ 15 ಎಂಬಿ. ಮೊಬೈಲ್‌ನ ನಾಲ್ಕೈದು ಫೋಟೋದಷ್ಟು ಜಾಗ.

ಬಿಡಿಸುವ ತುಂಡು ಟೇಬಲ್ಲನ್ನು ಸಂಖ್ಯೆಯಿಂದ ಅಲ್ಲ, ಲಕ್ಷಣದಿಂದ ಆರಿಸುತ್ತದೆ: ಒಳಗೆ 'ಒಳಹರಿವು' ಎಂಬ ಪದ ಇರಬೇಕು, ಮತ್ತು ಅದರೊಳಗೆ ಇನ್ನೊಂದು ಟೇಬಲ್ ಇರಬಾರದು. ಎರಡನೇ ಷರತ್ತು ಬಿಟ್ಟರೆ ಹೊರಗಿನ ದೊಡ್ಡ ಟೇಬಲ್ ಕೂಡ ಹೊಂದುತ್ತದೆ, ಏಕೆಂದರೆ ಒಳಗಿನ ಪದಗಳೆಲ್ಲ ಅದರ ಹೊಟ್ಟೆಯಲ್ಲೂ ಇವೆ. ಹೀಗೆ ಸಿಕ್ಕ ಟೇಬಲ್ ಒಂದಕ್ಕಿಂತ ಹೆಚ್ಚಾದರೂ, ಒಂದೂ ಸಿಗದಿದ್ದರೂ ಸ್ಕ್ರಿಪ್ಟ್ ನಿಲ್ಲಬೇಕು.

ಎರಡು ಸಾಲಿನ ತಲೆಬರಹವನ್ನು ಮೇಲಿನದು ಕೆಳಗಿನದು ಸೇರಿಸಿ ಒಂದು ಮಾಡಲಾಗಿದೆ: 'ಇಂದು ಮಟ್ಟ', 'ಕಳೆದ ವರ್ಷ ಮಟ್ಟ'. ಇಲ್ಲದಿದ್ದರೆ ಎರಡು ಕಾಲಂಗೂ 'ಮಟ್ಟ' ಎಂಬ ಒಂದೇ ಹೆಸರು ಬಂದು, ಹೆಸರಿನಿಂದ ಕರೆದಾಗ ಯಾವುದು ಬರುತ್ತದೋ ಅದು.

ಪ್ರತಿ ಕೋಶವನ್ನೂ ಅಕ್ಷರವಾಗಿಯೇ ಓದಬೇಕು. ಕೆಲವು ಕೋಶಗಳಲ್ಲಿ ಮಟ್ಟದ ಕೆಳಗೆ, ಹೊಸ ಸಾಲಿನಲ್ಲಿ, ಶೇಕಡಾ ಇರುತ್ತದೆ. ನಡುವೆ ಜಾಗ ಹಾಕಲು ಹೇಳದೆ ಪಠ್ಯ ತೆಗೆದರೆ 518.36 ಮತ್ತು 84 ಅಂಟಿಕೊಂಡು 518.3684 ಆಗುತ್ತದೆ, ನೋಡಲು ಏನೂ ಕೊರತೆಯಿಲ್ಲದ ಮಟ್ಟ. ತುಂಡುಗಳ ನಡುವೆ ಒಂದು ಜಾಗ ಇಡುವಂತೆ ಹೇಳಿ, ಆಮೇಲೆ ಮೊದಲ ತುಂಡು ಮಾತ್ರ ಹಿಡಿಯಬೇಕು.

ಕನ್ನಡ ಹೆಸರುಗಳ ತಕರಾರು ಬೇರೆಯೇ. 'ಹೇಮಾವತಿ' ಎಂಬುದರ 'ಹೇ' ಎರಡು ಬಗೆಯಲ್ಲಿ ಬರಬಹುದು: ಏತ್ವ ದೀರ್ಘ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಚಿಹ್ನೆ ಎರಡಾಗಿ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಮಾಡಿಸಿದರೆ ಎರಡೂ ಒಂದಾಗುತ್ತವೆ. 'ಕೆಆರ್‌ಎಸ್' ಒಳಗೆ ಅಡಗಿರುವ, ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ ಕಾಣದ ಝಡ್‌ಡಬ್ಲ್ಯುಎನ್‌ಜೆ ಗುರುತು ಮಾತ್ರ ಅದರಿಂದ ಹೋಗುವುದಿಲ್ಲ. ಹೋಲಿಸುವ ಮೊದಲು ಅದನ್ನೂ, ಒಡೆಯದ ಜಾಗದ ಗುರುತನ್ನೂ ಕೈಯಾರೆ ತೆಗೆಯಬೇಕು. ಆಲಮಟ್ಟಿ, ಅಲಮಟ್ಟಿ ಎಂಬ ಎರಡು ಬರವಣಿಗೆಗೆ ಯಾವ ಸಾಮಾನ್ಯೀಕರಣವೂ ಇಲ್ಲ, ಒಂದು ಸಣ್ಣ ಪರ್ಯಾಯ ಪಟ್ಟಿಯೇ ಗತಿ.

ಕನ್ನಡ ಅಂಕಿಗಳ ಬಗ್ಗೆ ಒಂದು ಮಾತು: ಪೈಥಾನ್ ೫೧೮.೩೬ ಎಂಬುದನ್ನು ನೇರವಾಗಿ ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಎಕ್ಸೆಲ್ ಓದುವುದಿಲ್ಲ, ಅದಕ್ಕೆ ಅದು ಬರೀ ಅಕ್ಷರ. ಹಾಗಾಗಿ ಬರೆಯುವ ಮೊದಲು 518.36 ಮಾಡಿಬಿಡಬೇಕು.

ಜಲಾಶಯವೇ ಸಾಕ್ಷಿ

ಮೂರನೇ ತುಂಡು ಪರೀಕ್ಷೆ. ಇಲ್ಲಿ ಪ್ರೋಗ್ರಾಮಿಂಗ್‌ಗಿಂತ ಜಲಾಶಯದ ಲೆಕ್ಕ ಹೆಚ್ಚು ಕೆಲಸಕ್ಕೆ ಬಂತು.

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಸಾಮರ್ಥ್ಯ 123.08 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ). ಹಿಡಕಲ್ 2175 ಅಡಿ, 51 ಟಿಎಂಸಿ. ನವಿಲುತೀರ್ಥ 2079.50 ಅಡಿ, 37.73 ಟಿಎಂಸಿ. ಒಂದೇ ಟೇಬಲ್‌ನಲ್ಲಿ ಒಂದು ಮೀಟರ್, ಇನ್ನೊಂದು ಅಡಿ ಎಂಬುದನ್ನು ಗಮನಿಸಿ. ಅಂಕಿಯ ಪಕ್ಕ ಏಕಮಾನ ಬರೆದಿರುವುದಿಲ್ಲ. ಓದುವವರಿಗೆ ಗೊತ್ತಿರುತ್ತದೆ, ಹಾಳೆಗೆ ಗೊತ್ತಿರುವುದಿಲ್ಲ. ಅದಕ್ಕೆ ಸ್ಕ್ರಿಪ್ಟ್ ಪುಟದ 'ಪೂರ್ಣ ಮಟ್ಟ' ಕಾಲಂ ನೋಡುತ್ತದೆ: ಹಿಡಕಲ್‌ಗೆ 2175ರ ಆಸುಪಾಸು ಇದ್ದರೆ ಅಡಿ, 663ರ ಆಸುಪಾಸು ಇದ್ದರೆ ಮೀಟರ್. ಅಡಿ ಎಂದಾದರೆ 0.3048ರಿಂದ ಗುಣಿಸಿ ಮೀಟರ್ ಮಾಡಿ, ಮೂಲ ಅಂಕಿಯನ್ನೂ ಪಕ್ಕದ ಕಾಲಂನಲ್ಲಿ ಉಳಿಸುತ್ತದೆ. ಮಟ್ಟವಾಗಲಿ ಸಂಗ್ರಹವಾಗಲಿ ಪೂರ್ಣಕ್ಕಿಂತ ಮೇಲೆ ಹೋದರೆ ಆ ಸಾಲು ಹಾಳೆಗೆ ಹೋಗುವುದಿಲ್ಲ, 'ತಡೆದವು' ಎಂಬ ಬೇರೆ ಫೈಲಿಗೆ ಹೋಗುತ್ತದೆ. 518,36 ಇಲ್ಲಿ ಸಿಕ್ಕಿಬೀಳುತ್ತದೆ.

92.000 ಹಿಡಿಯಲು ನೀರಿನ ಜಮಾಖರ್ಚು ಬೇಕು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ದಿನಕ್ಕೆ 86,400 ಸೆಕೆಂಡ್. ಭಾಗಿಸಿದರೆ 11,574: ಅಷ್ಟು ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ಈಗ ಮಾದರಿಗೆ ಎರಡು ದಿನದ ಸಾಲು ನೋಡಿ (ಅಂಕಿಗಳು ಕಾಲ್ಪನಿಕ):

ದಿನಾಂಕ,ಜಲಾಶಯ,ಮಟ್ಟ_ಮೀ,ಸಂಗ್ರಹ_ಟಿಎಂಸಿ,ಒಳಹರಿವು,ಹೊರಹರಿವು
2025-08-04,ಆಲಮಟ್ಟಿ,518.02,98.40,88000,34200
2025-08-05,ಆಲಮಟ್ಟಿ,518.36,103.35,92000,34200

92,000ದಲ್ಲಿ 34,200 ಕಳೆದರೆ 57,800. ಅದನ್ನು 11,574ರಿಂದ ಭಾಗಿಸಿದರೆ 4.99 ಟಿಎಂಸಿ ಏರಬೇಕು. ಸಂಗ್ರಹ ಏರಿದ್ದು 4.95. ಹೊಂದಿತು. ಒಳಹರಿವಿನ ಜಾಗದಲ್ಲಿ 92 ಇದ್ದಿದ್ದರೆ ಲೆಕ್ಕದ ಪ್ರಕಾರ ಸುಮಾರು 2.95 ಟಿಎಂಸಿ ಇಳಿಯಬೇಕಿತ್ತು, ಸಂಗ್ರಹ ಮಾತ್ರ ಏರಿದೆ. ಅಲ್ಲಿಗೆ ಗುಟ್ಟು ರಟ್ಟು. ಆವಿಯಾಗುವುದು, ಅಳತೆಯ ಹೊತ್ತಿನ ಹಿಂದುಮುಂದು ಇರುವುದರಿಂದ ಕರಾರುವಾಕ್ಕಾಗಿ ಹೊಂದುವುದಿಲ್ಲ. ಇಲ್ಲಿ ಆಲಮಟ್ಟಿಗೆ ಒಂದು ಟಿಎಂಸಿ ಅಂತರದವರೆಗೆ ಬಿಡಲಾಗಿದೆ. ಪುಟದ ಒಳಹರಿವು ಇಡೀ ದಿನದ ಸರಾಸರಿಯಲ್ಲದೆ ಆ ಹೊತ್ತಿನದಾಗಿದ್ದರೆ ಪ್ರವಾಹದ ದಿನ ಸುಳ್ಳು ಎಚ್ಚರಿಕೆ ಬರುತ್ತದೆ. ಬರಲಿ, ನೋಡಿ ಒಪ್ಪಿದರಾಯಿತು.

ಈ ಲೆಕ್ಕಕ್ಕೆ ಸಿಗದ ತಪ್ಪು ಒಂದಿದೆ: ದಿನಾಂಕ. ಎಲ್ಲ ಸಾಲೂ ಒಟ್ಟಿಗೆ ಒಂದು ದಿನ ಸರಿದರೆ ಜಮಾಖರ್ಚು ಆಗಲೂ ಹೊಂದುತ್ತದೆ. ಹಾಗಾಗಿ ದಿನಾಂಕವನ್ನು ಪುಟದ ತಲೆಯಲ್ಲಿ ಬರೆದಿರುವುದರಿಂದಲೇ ತೆಗೆಯಬೇಕು. ಆ ದಿನಾಂಕ ಹಾಳೆಯಲ್ಲಿ ಆಗಲೇ ಇದ್ದರೆ ಏನನ್ನೂ ಬರೆಯದೆ, 'ಪುಟ ಇನ್ನೂ ಬದಲಾಗಿಲ್ಲ' ಎಂದು ಹೇಳಿ ಮುಗಿಸಬೇಕು.

ಎಕ್ಸೆಲ್ ಬಾಗಿಲಲ್ಲಿ

ಸ್ಕ್ರಿಪ್ಟ್ ಬರೆಯುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಫೈಲ್ ಸರಿಯಾಗಿದ್ದರೂ ಎಕ್ಸೆಲ್ ಅದನ್ನು ಕೆಡಿಸಿ ತೋರಿಸಬಹುದು. ಸಾದಾ ಯುಟಿಎಫ್-8 ಅಕ್ಷರ ಸಂಕೇತದಲ್ಲಿ ಬರೆದ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ 'ಆಲಮಟ್ಟಿ' ಜಾಗದಲ್ಲಿ ತಲೆಯ ಮೇಲೆ ಗೆರೆ ಎಳೆದ ಫ್ರೆಂಚ್ ಅಕ್ಷರಗಳ ಸಾಲು ಬರುತ್ತದೆ. ಫೈಲಿನ ಮೊದಲಲ್ಲಿ ಬಿಒಎಂ ಎಂಬ ಮೂರು ಬೈಟಿನ ಗುರುತು ಇದ್ದರೆ ಎಕ್ಸೆಲ್ ಸರಿಯಾಗಿ ಓದುತ್ತದೆ. ಪೈಥಾನ್‌ನಲ್ಲಿ ಸಂಕೇತದ ಹೆಸರನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಅದು ತಾನೇ ಬೀಳುತ್ತದೆ. ಲಿಬ್ರೆಆಫೀಸ್ ತೆರೆಯುವಾಗಲೇ ಯಾವ ಸಂಕೇತ ಎಂದು ಕೇಳುತ್ತದೆ, ಅಷ್ಟು ಮರ್ಯಾದೆ ಅದಕ್ಕಿದೆ.

ವಿಂಡೋಸ್‌ನಲ್ಲಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬಂದರೆ, ಫೈಲ್ ತೆರೆಯುವಾಗ ನ್ಯೂಲೈನ್‌ಗೆ ಖಾಲಿ ಬೆಲೆ ಕೊಟ್ಟಿಲ್ಲ ಎಂದರ್ಥ.

ದಿನಾಂಕವನ್ನು 05/08/2025 ಎಂದು ಬರೆದರೆ, ಅಮೆರಿಕದ ರೀತಿಗೆ ಹೊಂದಿಸಿದ ಕಂಪ್ಯೂಟರ್‌ನಲ್ಲಿ ಅದು ಮೇ 8 ಆಗುತ್ತದೆ. 13/08/2025 ಬಂದಾಗ 13ನೇ ತಿಂಗಳು ಇಲ್ಲದ್ದರಿಂದ ಅದು ಅಕ್ಷರವಾಗಿಯೇ ಉಳಿಯುತ್ತದೆ. ತಿಂಗಳ ಮೊದಲ 12 ದಿನ ತಿರುವುಮುರುವು, ಉಳಿದವು ಅಕ್ಷರ, ಗ್ರಾಫ್ ಚಿಂದಿ. 2025-08-05 ಎಂದು ವರ್ಷ ಮುಂದಿಟ್ಟು ಬರೆದರೆ ಈ ರಗಳೆ ಇಲ್ಲ.

ಮೂಲ ಫೈಲನ್ನು ಯಾರಾದರೂ ಎಕ್ಸೆಲ್‌ನಲ್ಲಿ ತೆರೆದಿಟ್ಟಿದ್ದರೆ ಸ್ಕ್ರಿಪ್ಟಿಗೆ ಬರೆಯಲು ಆಗುವುದಿಲ್ಲ, ಅನುಮತಿ ಇಲ್ಲ ಎಂಬ ದೋಷ ಬರುತ್ತದೆ. ಇದಕ್ಕೆ ಸಂಘದಲ್ಲಿ ಮಾಡಿದ ಏರ್ಪಾಡು: ಮೂಲ ಸಿಎಸ್‌ವಿ ಬೇರೆ ಫೋಲ್ಡರ್‌ನಲ್ಲಿ, ಅದನ್ನು ಯಾರೂ ತೆರೆಯುವುದಿಲ್ಲ. ನೋಡುವ ಹಾಳೆ ಡೇಟಾ ಮೆನುವಿನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಮೂಲಕ ಅದಕ್ಕೆ ಜೋಡಣೆಯಾಗಿದೆ. ರಿಫ್ರೆಶ್ ಒತ್ತಿದರೆ ಹೊಸ ಸಾಲು ಬರುತ್ತದೆ.

ದಿನಾ ಓಡಿಸಲು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್. ಹೊತ್ತು ಬೆಳಿಗ್ಗೆ 11 ಮತ್ತು ಮಧ್ಯಾಹ್ನ 3. ಮೊದಲನೆಯದರಲ್ಲಿ ಸಿಕ್ಕರೆ ಎರಡನೆಯದು ಸುಮ್ಮನಿರುತ್ತದೆ. 'ಸ್ಟಾರ್ಟ್ ಇನ್' ಎಂಬ ಖಾನೆಯಲ್ಲಿ ಸ್ಕ್ರಿಪ್ಟಿನ ಫೋಲ್ಡರ್ ತುಂಬದಿದ್ದರೆ ಫೈಲು ಸಿಸ್ಟಂ ಫೋಲ್ಡರ್‌ನಲ್ಲಿ ಎಲ್ಲೋ ಹುಟ್ಟಲು ಹವಣಿಸುತ್ತದೆ, ಇಲ್ಲವೇ ಹುಟ್ಟುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು, ಹಾಗಾಗಿ ತಪ್ಪಿದ ಹೊತ್ತಿನ ಕೆಲಸವನ್ನು ಕಂಪ್ಯೂಟರ್ ಬಂದ ಕೂಡಲೇ ಓಡಿಸುವ ಆಯ್ಕೆಗೂ ಟಿಕ್ ಹಾಕಬೇಕು.

ಉಳಿದದ್ದು ಮೊದಲ ಎರಡು ತಿಂಗಳ ಹಾಳೆ. ಆಗ ಪುಟಗಳನ್ನು ಉಳಿಸಿರಲಿಲ್ಲ, ಯಾವ ಸ್ಕ್ರಿಪ್ಟಿಗೂ ಅದು ದಕ್ಕುವುದಿಲ್ಲ. ಸಂಘದ ಕಚೇರಿಯ ಮೂಲೆಯಲ್ಲಿ ರದ್ದಿಗೆ ಹಾಕದೆ ಬಿದ್ದಿದ್ದ ದಿನಪತ್ರಿಕೆಗಳ ಗಂಟು ಬಿಚ್ಚಿ, ಒಳಪುಟದ ಜಲಾಶಯ ಮಟ್ಟದ ಚೌಕ ನೋಡಿ, ಆ ಸಾಲುಗಳನ್ನು ಕೈಯಿಂದಲೇ ತಿದ್ದಲಾಯಿತು. ಹಾಳೆಗೆ 'ಮೂಲ' ಎಂಬ ಹೊಸ ಕಾಲಂ ಸೇರಿತು: ಆ ಸಾಲುಗಳಿಗೆ 'ಪತ್ರಿಕೆ', ಮುಂದಿನವಕ್ಕೆ 'ಪುಟ'. ಗಂಟಿನಲ್ಲಿ ಪತ್ರಿಕೆಯೇ ಇಲ್ಲದ ದಿನಗಳ ಮನೆ ಖಾಲಿ ಬಿಟ್ಟಿದೆ.